ಎಡಗಡೆಯ ಬ್ರೇಕು

ಇಪ್ಪತ್ತೆರಡು ವರ್ಷ ನಾನು ಎಡಗಡೆಯೇ ಕೂತವಳು.
ಚಿಕ್ಕಬಳ್ಳಾಪುರದ ಅರ್ಧ ಊರಿಗೆ ಸ್ಟಿಯರಿಂಗು ಹಿಡಿಸಿದ್ದು
ಗಂಗರತ್ನ ಡ್ರೈವಿಂಗ್ ಸ್ಕೂಲು, ಅಂದರೆ ನಾನು,
ಒಂದು ಬಿಳಿ ಮಾರುತಿ,
ನನ್ನ ಕಾಲ ಬುಡಕ್ಕೆ ಬೇರೆಯೇ ಒಂದು ಬ್ರೇಕು.
ಬಾಯಲ್ಲಿ ಮೂರು ಮಾತು:
ಮೆಲ್ಲಗೆ. ಕನ್ನಡಿ ನೋಡು. ಕ್ಲಚ್ಚು ಬಿಡು, ಬಿಡು.

ಮೆಲ್ಲಗೆ ಅನ್ನುತ್ತಲೇ ಹೋಯಿತು ವಯಸ್ಸು
ಕಂದವಾರ ಕೆರೆಯ ಕಡೆಗೆ, ಮತ್ತೆ ಅಲ್ಲಿಂದ ಈ ಕಡೆಗೆ,
ಗಂಟೆಗೆ ಇಪ್ಪತ್ತು ಕಿಲೋಮೀಟರಿನಂತೆ.

ನಂದಿ ಕ್ರಾಸಿನಾಚೆ ಒಂದು ಸೈಟಿತ್ತು,
ಬಂಡೆ, ಕಳ್ಳಿ, ಓತಿಕೇತ.
ಮೂವತ್ತು ಸಾವಿರ ಕೊಟ್ಟಾಗ ಊರು ನಕ್ಕಿತ್ತು.
ಈಗ ಮಾರಿದಾಗ ನಗಲಿಲ್ಲ.
ನಾದಿನಿ ಹೇಳಿದಳು ಚಿನ್ನ, ಬ್ಯಾಂಕಿನವ ಹೇಳಿದ ಎಫ್‌ಡಿ.
ನಾನು ಕಾರು ತಂದೆ.
ಎರಡೇ ಬಾಗಿಲು, ಎರಡೇ ಸೀಟು,
ಮಾಗಿದ ದಿಲ್‌ಖುಷ್ ದ್ರಾಕ್ಷಿಯ ಹಸಿರುಹಳದಿ.

ಪೂಜೆಗೆ ಬಂದ ಅರ್ಚಕರು ಬೂದುಗುಂಬಳ ಕೆಳಗಿಟ್ಟು
'ಕಾರಿಗಿಂತ ಕಾಯಿಯೇ ಎತ್ತರ ಅಲ್ಲವೇನಮ್ಮಾ' ಅಂದರು.
ಪಂಕ್ಚರ್ ಅಂಗಡಿಯ ಪ್ಯಾರೇಜಾನ್ ಸುತ್ತ ಎರಡು ಸಲ ಬಂದು,
ಟೈರು ಮುಟ್ಟಿ, ಬೆರಳು ಲುಂಗಿಗೆ ಒರೆಸಿಕೊಂಡು,
'ಎಷ್ಟು ಕೊಡುತ್ತಕ್ಕಾ ಮೈಲೇಜು?'
ಹೇಳಿದೆ.
ಅವನು ಸಾವಿನ ಮನೆಯಿಂದ ಹೊರಟವನಂತೆ
ಮಾತಾಡದೆ ಹೋದ.

ಸೀರೆ ಉಟ್ಟು ಅದರಿಂದ ಇಳಿಯುವುದೆಂದರೆ
ಬಾವಿಯಿಂದ ಮೇಲೆ ಹತ್ತಿದ ಹಾಗೆ.
ನಮ್ಮ ಬೀದಿಯಿಂದ ಹೆದ್ದಾರಿಗೆ ಹನ್ನೊಂದು ಹಂಪು.
ಮೊದಲೂ ಗೊತ್ತಿತ್ತು, ಪಾಠಕ್ಕೆ ಬೇಕಲ್ಲ,
ಆಗ ಎಣಿಸುತ್ತಿದ್ದದ್ದು ಬೆರಳಲ್ಲಿ,
ಈಗ ಹೊಟ್ಟೆಯಲ್ಲಿ.
ಏಳನೆಯದು, ಹೂವಿನ ಲಾರಿಗಳು ನಿಲ್ಲುವ ಕಡೆಯದು,
ಎಷ್ಟು ಓರೆ ಹೋದರೂ
ಕರ್‌ರ್ ಅನ್ನಿಸಿಯೇ ಕಳಿಸುತ್ತದೆ.
ಆ ಸದ್ದಿಗೆ ನನ್ನದೇ ಬೆನ್ನು ಜುಮ್ಮೆನ್ನುತ್ತದೆ.

ಇದಕ್ಕೆ ಕ್ಲಚ್ಚಿಲ್ಲ. ಎಡಗಾಲಿಗೆ ಕೆಲಸವಿಲ್ಲ.
ಪಾಪ, ಅದು ನಿವೃತ್ತ ಮೇಷ್ಟರ ಹಾಗೆ
ಬೆಳಗಾದರೆ ಎದ್ದು, ಚಪ್ಪಲಿ ಹಾಕಿಕೊಂಡು,
ಸುಮ್ಮನೆ ಬಂದು ಕೂರುತ್ತದೆ.

ಮೊದಲ ಭಾನುವಾರ ನಸುಕಿಗೇ ಹೊರಟೆ, ಒಬ್ಬಳೇ.
ಪೇರೇಸಂದ್ರ ದಾಟಿ ಬಾಗೇಪಲ್ಲಿಯ ಕಡೆಗೆ.
ಬಂಡೆಗುಡ್ಡಗಳಿಗೆ ಇನ್ನೂ ಬಣ್ಣ ಬಂದಿರಲಿಲ್ಲ.
ಎಂಬತ್ತು. ನೂರು.
ಆಮೇಲೆ ನಾನು ಯಾರಿಗೂ ಕಲಿಸದ ಒಂದು ಅಂಕಿ.
ರಸ್ತೆ ಹಗ್ಗದಂತೆ ನನ್ನೊಳಕ್ಕೇ ಸುತ್ತಿಕೊಳ್ಳುತ್ತಿತ್ತು,
ಕಿವಿಯಲ್ಲಿ ಹುಲಿಯಲ್ಲ, ಅದರ ಉಸಿರು.
ತಟ್ಟನೆ ಹೆದರಿಕೆಯಾಗಿ ಎಡಕ್ಕೆ ನೋಡಿದೆ,
ಬ್ರೇಕು ಒತ್ತುವವರು ಅಲ್ಲೇ ಇರಬೇಕಲ್ಲ.

ಯಾರೂ ಇಲ್ಲ.
ಅಲ್ಲಿ ನಾನೂ ಇಲ್ಲ.

ಗಾಡಿ ಬದಿಗೆ ಹಾಕಿ, ಎಳನೀರು ಕುಡಿದು,
ಹಣ ಕೊಡುವುದು ಮರೆತು, ಮತ್ತೆ ತಿರುಗಿ ಬಂದು ಕೊಟ್ಟೆ.
ಕೈ ನಡುಗುತ್ತಿತ್ತು. ಹೆದರಿಕೆಗಲ್ಲ.

ನಿನ್ನೆ ಖತೀಜಾ ಟೀಚರನ್ನು ಕೂರಿಸಿಕೊಂಡೆ.
ರಿವರ್ಸಿನಲ್ಲಿ ನಾಲ್ಕು ಸಲ ಫೇಲಾದವರು,
ಐದನೆಯ ಸಲ ಪಾಸಾಗಿ ನನಗೆ ಶೀರ್‌ಖುರ್ಮಾ ತಂದವರು.
'ಹೋಗಲಾ?' ಅಂದೆ. 'ಹೋಗಿ, ಮೇಡಂ.'
ಹೋದೆ.

ನೋಡಿದರೆ ಅವರ ಬಲಗಾಲು
ಕೆಳಗಿನ ಮ್ಯಾಟನ್ನು ಒತ್ತುತ್ತಿದೆ, ಒತ್ತುತ್ತಿದೆ,
ಇಲ್ಲದ ಬ್ರೇಕನ್ನು,
ಹೊಸ ಮ್ಯಾಟು ಗುಳಿ ಬೀಳುವಷ್ಟು.
ಆ ಕಾಲು ನನಗೆ ಚೆನ್ನಾಗಿ ಗೊತ್ತು.
ನಗು ಬಂತು, ತಡೆದುಕೊಂಡೆ,
'ಮೆಲ್ಲಗೆ' ಅನ್ನುವುದನ್ನೂ ತಡೆದುಕೊಂಡೆ.

ವಾಪಸು ಊರೊಳಗೆ, ಏಳನೆಯ ಹಂಪು.
ನಿಂತೆ. ಓರೆ ಮಾಡಿದೆ. ಒಂದೊಂದೇ ಚಕ್ರ.
ಹಿಂದೆ ಟೊಮೆಟೊ ಗಾಡಿಯವನ ಹಾರನ್ನು.
ಸೆರಗು ಸರಿಮಾಡಿಕೊಂಡು, ಬಹಳ ಗಂಭೀರವಾಗಿ,
ಖತೀಜಾ ಟೀಚರು ಕೇಳಿದರು:
'ಕನ್ನಡಿ ನೋಡಿದ್ರಾ?'